ಶಿವವ್ವ ಕೇಳಿದ ನಾಲೆ

ಮಮದಾಪುರ

ಮಗಳೇ ಸುಜಾತಾ,

ಬಯಲಾಟದಲ್ಲಿ ಭೀಮನ ವೇಷ ಹಾಕಿ ಮೂರು ಊರಿಗೆ ಕೇಳುವಂತೆ ಗರ್ಜಿಸಿದ ನಿನ್ನ ಸೋದರಮಾವ ನಾನು, ಇಂದು ಪೆನ್ನು ಹಿಡಿದು ಕಾಗದದ ಮುಂದೆ ಕೂತಿದ್ದೇನೆ. ಹುಕ್ಕೇರಿಯ ಮನೆಯಲ್ಲಿ ನೀನು ನಿಮ್ಮವ್ವನ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೀಯಂತೆ, ನಿನ್ನ ಗಂಡ ಹೇಳಿದ. ಆಕೆ ಹೋದ ದಿನ ಫೋನಿನಲ್ಲಿ ಅಂದೆಯಲ್ಲ, "ಮೈಕಿನ್ಯಾಗ ಬ್ಯಾಡಂತ ಒದರಿದ್ರೂ ನೀರಿಗಿಳಿದ್ಲು. ನನ್ನ ನೆನಪಾಗಲಿಲ್ಲೇನ ಮಾಮಾ ಆಕಿಗೆ?" ಆಮೇಲೆ ನೀನು ಫೋನ್ ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ.

ಕೇಳು ಮಗಳೇ, ಪರದೆ ಸರಿಸುತ್ತೇನೆ!

ಆ ಮುಂಜಾನೆ ನೀರಾವರಿಯವರ ಜೀಪು ಮೈಕು ಕಟ್ಟಿಕೊಂಡು ಬಂತು. "ನಾಲೆಗೆ ನೀರು ಬಿಡಲಾಗುತ್ತಿದೆ, ಯಾರೂ ನಾಲೆಗೆ ಇಳಿಯಬಾರದು." ನಾಲೆ! ನಮ್ಮ ಬಾಯಲ್ಲಿ ನಾಲಾ ಅಂದರೆ ಹೊಲದ ಬದಿಯ ಹಳ್ಳ. ನಿಮ್ಮವ್ವ ದಿನಾ ಬಟ್ಟೆ ಒಗೆಯುತ್ತಿದ್ದುದು ಅಲ್ಲೇ. ಕಾಲುವೆಗೆ ನಾವು ಕೆನಾಲ ಎನ್ನುವವರು.

ಬಾಜೂ ಮನೆಯ ಹನಮವ್ವ ಎದೆ ಬಡಿದುಕೊಂಡು ಹೇಳಿದಳು. ಬಟ್ಟೆಗಂಟು ಹೊತ್ತು ನಾಲಾದ ಹಾದಿ ಹಿಡಿದಿದ್ದ ಆಕೆ, ನಿಮ್ಮವ್ವ ಇಬ್ಬರೂ ಮೈಕಿನ ದನಿಗೆ ನಿಂತರಂತೆ. "ಅವನ ಬಾಯಿಗೇನ ಕೆಲಸಿಲ್ಲ, ನಡಿ ಬೇ" ಎಂದಳಂತೆ ಹನಮವ್ವ. ನಿಮ್ಮವ್ವ ಏನಂದಳು ಗೊತ್ತೇ? "ನಿನಗ ಜೀವ ಬ್ಯಾಸರಾಗಿದ್ರ ನೀ ಹೋಗ. ನನ್ನ ಮಗಳು ಬಾಣಂತನಕ್ಕ ಬರಾಕತ್ತಾಳ. ಕೆನಾಲಕ್ಕ ಹೋಗೂಣ, ನಡಿ."

ಬತ್ತಿದ ಕೆನಾಲದ ತಳದ ಗುಂಡಿಗಳಲ್ಲಷ್ಟೇ ನೀರಿತ್ತು. ಒಗೆದ ಬಟ್ಟೆಯನ್ನು ಹನಮವ್ವ ದಂಡೆಯ ಮೇಲೆ ಹರವುತ್ತಿದ್ದಳು. ನಿಮ್ಮವ್ವ ಶಿವವ್ವ ಕೆಳಗಿದ್ದಳು. ನೀರು ಬಂತು.

ನೀರಾವರಿ ಕಚೇರಿಗೆ ಹೋದೆ. "ಸಾಹೇಬ್ರ, ನಾಲೆ ಅಂದ್ರ ಯಾವುದ್ರಿ?" ಅವರು ಮಂಡ್ಯದ ಕಡೆಯವರು. "ಕಾಲುವೆ ಕಣ್ರೀ. ನಮ್ಮ ಕಡೆ ಎಲ್ಲಾ ಹಂಗೇ ಅನ್ನೋದು" ಎಂದರು. ನಾನು ನಮ್ಮೂರ ನಾಲಾದ ಮಾತು ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು. ನನ್ನ ಗದೆ ಮೇಲೇಳಲಿಲ್ಲ ಮಗಳೇ. ಯಾರ ತಲೆಯ ಮೇಲೆ ಎತ್ತಲಿ?

ನಿನ್ನೆ ಮೂಡಲಗಿಯ ಸಂತೆಯಲ್ಲಿ ಮತ್ತೊಂದು ಜೀಪು ಅದೇ "ನಾಲೆ, ನಾಲೆ" ಎನ್ನುತ್ತ ಹೊರಟಿತ್ತು. "ಕೆನಾಲ ಅನ್ರೋ, ಕೆನಾಲ!" ಎಂದು ಹಿಂದೆ ಓಡಿದೆ. "ಭೀಮಗ ಹುಚ್ಚ ಹಿಡೀತ ನೋಡ್ರಿ" ಎಂದು ಜನ ನಕ್ಕರು. ಜೀಪು ನಿಲ್ಲಲಿಲ್ಲ.

ನಿಮ್ಮವ್ವ ಮಾತು ಕೇಳಿಯೇ ಸತ್ತಳು, ಸುಜಾತಾ. ನಿನ್ನ ನೆನಪಾಗಿಯೇ ಕೆನಾಲಕ್ಕೆ ಹೋದಳು. ಆ ಫೋಟೋ ಈ ಕಡೆ ತಿರುಗಿಸು. ಅಂದು ಒಗೆದದ್ದು ಹಳೆ ಸೀರೆ ಹರಿದು ನಿನ್ನ ಕೂಸಿಗೆಂದು ಮಾಡಿದ ಬಟ್ಟೆ, ಮಡಚಿ ಇಟ್ಟಿದ್ದೇನೆ. ಹೆರಿಗೆಗೆ ತವರಿಗೇ ಬಾ.

ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುವ, ದನಿ ಒಡೆದ ಮಾಮಾ,
ಮುರಿಗೆಪ್ಪ