ನೆಕ್ಸ್ಟ್ ಆಫ್ ಕಿನ್ ಅಂದರೆ ಪಕ್ಕದ ಮನೆಯವನಲ್ಲ

ನಮ್ಮ ಮನಿಯಾಕಿ ನೀಲಾಗೆ,

ಮೊದಲು ಗಾಬರಿಯಾಗಬೇಡ. ಬೆಳಗಾವಿಯ ಒಂದು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ನಿಜ. ಆದರೆ ನನಗೇನೂ ಆಗಿಲ್ಲ. ಬಿ.ಪಿ. ಗುಳಿಗೆ ತಪ್ಪದೆ ನುಂಗುತ್ತಿದ್ದೇನೆ. ಒಳಗಿರುವವಳು ಖಾನಾಪುರದ ನಮ್ಮ ಬಾಜೂ ಮನೆಯ ಮಂದಾ. ಅವಳ ಸುದ್ದಿಗಿಂತ ಮುಂಚೆ ನನ್ನದೊಂದನ್ನು ನಿನ್ನ ಕಿವಿಗೆ ಹಾಕಬೇಕು. ಬೇರೆ ಯಾರಿಂದಲೋ ಕೇಳಿ ನೀನು ಸಿಟ್ಟಾಗುವುದು ಬೇಡ. ನೀನು ಹೋದ ನಾಲ್ಕನೇ ವರ್ಷಕ್ಕೆ, ಕಾಗದದ ಮೇಲೆ, ನನ್ನ ಎರಡನೇ ಮದುವೆಯಾಯಿತು. ಮಂದಾಳ ಜೊತೆಗೆ. ನಗಬೇಡ, ಪೂರಾ ಕೇಳು.

ಮಂದಾ, ಶೇವಂತಾ ಇಬ್ಬರೂ ಬಾಜೂ ಮನೆ ಹೊಕ್ಕ ದಿನ ನೆನಪಿದೆಯೇ? ಹಿಂದವಾಡಿಯ ತವರನ್ನು ಬಿಟ್ಟು ಬಂದ ಮಂದಾ, ಅಂಗನವಾಡಿಯಲ್ಲಿ ಹೊಸ ಕೆಲಸ. ಹಿಂದೆ ಕೈಗಾಡಿಯ ಮೇಲೆ ಹೊಲಿಗೆ ಯಂತ್ರ ಹಿಡಿದುಕೊಂಡು ಶೇವಂತಾ. ಆ ಸಂಜೆ ನೀನು ಇಬ್ಬರನ್ನೂ ಕರೆದು ಎರಡು ಮಣೆ ಹಾಕಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಇಟ್ಟು ಉಡಿ ತುಂಬಿದೆ. ಗಂಡನ ಮನೆಗೆ ಬಂದ ಹೆಣ್ಣುಮಗಳಿಗೆ ತುಂಬುವ ಹಾಗೆ. ಅವರು ಹೋದ ಮೇಲೆ ನಾನು ಕೇಳಿದೆ, "ಮದುವಿ ಆಗದವ್ರಿಗೆ ಯಾರರ ಉಡಿ ತುಂಬ್ತಾರೇನ?"

"ಹೊಸಾ ಸಂಸಾರ ಹೂಡ್ಯಾರ, ತುಂಬಬಾರದೇನ್ರಿ?"

"ಇಬ್ಬರು ಹೆಣ್ಮಕ್ಕಳದು ಎಂಥಾ ಸಂಸಾರ?"

ಮಗ್ಗಿ ಬಾರದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿ ಅಂದೆ, "ನಿಮಗ ಇಂಗ್ಲಿಷ್ ಅಷ್ಟ ಬರೂದಿಲ್ಲ ಅನ್ಕೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ. ಖರೇ ಹೇಳಬೇಕೆಂದರೆ ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ. ಓಣಿಯವರೆಲ್ಲ ಅವರನ್ನು ಅಕ್ಕ-ತಂಗಿ ಅನ್ನುತ್ತಿದ್ದರು, ನಾನೂ ಅಂದೆ. ಜನಗಣತಿಯವರು ಬಂದಾಗ ಅವರ ಮನೆಗೆ ಬೀಗವಿತ್ತು. "ಅಕ್ಕ-ತಂಗೀರು, ಬರಕೋರಿ" ಎಂದು ನಾನೇ ಹೇಳಿಬಿಟ್ಟಿದ್ದೆ. ಆವತ್ತು ನೀನು ಚಹಾದ ಕಪ್ಪನ್ನು ಎಷ್ಟು ಜೋರಾಗಿ ಇಟ್ಟೆ! "ಸುಳ್ಳು ಯಾಕ ಬರೆಸಿದ್ರಿ?" "ಅವರಿಗೆ ತ್ರಾಸ ಆಗಬಾರದಂತ." "ಬರಸ್ರಿ ಅಂತ ಅವ್ರು ಕೇಳಿದ್ರೇನು?"

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮಂದಾ ಬಚ್ಚಲ ಮುಂದೆ ಜಾರಿ ಬಿದ್ದಳು. ಸೊಂಟದ ಕೀಲು ಮುರಿದಿತ್ತು. ಗಾಡಿ ಮಾಡಿಕೊಂಡು ಇದೇ ಆಸ್ಪತ್ರೆಗೆ ತಂದೆವು. ಕೌಂಟರಿನ ಹುಡುಗಿ ಶೇವಂತಾಳನ್ನು ಕೇಳಿದಳು, "ಪೇಶಂಟಿಗೆ ನೀವ್ ಏನಾಗ್ಬೇಕ್ರಿ?"

"ಇಬ್ಬರೂ ಕೂಡೇ ಇರ್ತೀವ್ರಿ."

"ಅಕ್ಕ-ತಂಗೀರೇನ್ರಿ?"

"ಅಲ್ರಿ. ಮೂವತ್ತೊಂದು ವರ್ಷ ಆತು. ಒಂದ ಮನಿ, ಒಂದ ಒಲಿ."

"ಫ್ರೆಂಡ್ ನಡ್ಯೂದಿಲ್ರಿ, ರಿಲೇಟಿವ್ ಬೇಕು. ಅಂಕಲ್, ನೀವ್ ತುಂಬ್ರಿ ಈ ಫಾರ್ಮ್."

ಫಾರ್ಮಿನಲ್ಲಿ ಒಂದು ಕಾಲಮ್ಮು, ನೆಕ್ಸ್ಟ್ ಆಫ್ ಕಿನ್. ಕಿನ್ ಅಂದರೆ ಬಂಧು, ಅಷ್ಟು ಕಾಲೇಜಿನಿಂದ ನೆನಪಿತ್ತು. ನೆಕ್ಸ್ಟ್ ಅಂದರೆ ಆಮೇಲಿನವನು. ಬಂಧುಗಳಾದ ಮೇಲೆ ಯಾರು? ನೆರೆಯವರು! ನೆಕ್ಸ್ಟ್ ಡೋರ್ ನೇಬರ್ ಅಂತ ನೀನೇ ಸಾಲಿ ಮಕ್ಕಳಿಗೆ ಹಾಡಿನ ಹಾಗೆ ಕಲಿಸುತ್ತಿದ್ದೆಯಲ್ಲ. ಎಂಥ ತಿಳಿವಳಿಕೆಯ ಆಸ್ಪತ್ರೆ, ಬಾಜೂ ಮನೆಯವರಿಗೂ ಒಂದು ಕಾಲಮ್ಮು ಇಟ್ಟಿದ್ದಾರೆ ಎಂದು ಮೆಚ್ಚಿಕೊಂಡು, ನನ್ನ ಹೆಸರನ್ನು ಗುಂಡಗೆ ಬರೆದು ಸಹಿ ಮಾಡಿದೆ. ಹುಡುಗಿ ನನ್ನ ಬಿಳಿ ಕೂದಲು ನೋಡಿದಳು, ಮಂದಾಳ ಬಿಳಿ ಕೂದಲು ನೋಡಿದಳು, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಬಿಡುಗಡೆಯ ಕಾಗದ ಕೈಗೆ ಬಂದ ದಿನ ಗೊತ್ತಾಯಿತು, ಅದು ಎಲ್ಲರಿಗಿಂತ ಹತ್ತಿರದ ಬಂಧುವಿನ ಕಾಲಮ್ಮು: ಗಂಡ, ಬಸವರಾಜ.

ಇದೆಲ್ಲ ನಗುವ ಮಾತು. ಇನ್ನೊಂದು ಮಾತು ನಗುವುದಲ್ಲ. ಆಪರೇಷನ್ನಿಗೆ ಮುಂಚೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಶೇವಂತಾ ಹಿಂದೆ ಬಂದರೆ ಬಾಗಿಲಿನವನು ತಡೆದ, "ಒಬ್ಬರಿಗಷ್ಟ ಬಿಡೂದ್ರಿ." ಡಾಕ್ಟರು ಕೇಳಿದರು, "ಇವ್ರಿಗೆ ಯಾವ್ದಾದ್ರೂ ಔಷಧಿ ಆಗಿಬರೂದಿಲ್ಲೇನ್ರಿ?" ನನಗೇನು ಗೊತ್ತು? ಮಂದಾ ಕೊಟ್ಟ ಚಟ್ನಿಯ ರುಚಿ ಗೊತ್ತು, ಅಷ್ಟೇ. ಮಂದಾಗೆ ನೋವಿನ ಇಂಜೆಕ್ಷನ್ನಿನ ಮಂಪರು. ಆಗ ಬಾಗಿಲ ಆಚೆಯಿಂದ ಶೇವಂತಾ ಕೂಗಿದಳು, "ಪೆನಿಸಿಲಿನ್ ಆಗಿಬರೂದಿಲ್ರಿ ಆಕಿಗೆ! ಮೈಯೆಲ್ಲಾ ದದ್ದು ಏಳ್ತಾವ, ಉಸರು ಹಿಡೀತೈತಿ!" ಡಾಕ್ಟರು ಬರೆದುಕೊಂಡರು. "ಯಾರ್ರಿ ಅವ್ರು?" ಅಂದರು. ಏನು ಹೇಳಲಿ ನೀಲಾ? ಆ ಬಾಗಿಲು ಇನ್ನೊಂದಿಷ್ಟು ದಪ್ಪ ಇದ್ದಿದ್ದರೆ...

ಆವತ್ತು ನಿನ್ನ ಕೊನೆಯ ದಿನ ನೆನಪಾಯಿತು. ನರ್ಸ್ ಬಂದು "ಯಜಮಾನ್ರು ಯಾರ್ರಿ?" ಅಂದಾಗ ನಾನು ಕೈ ಎತ್ತಿದೆ. ಅಷ್ಟೇ. ಲಗ್ನಪತ್ರಿಕೆ ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ. ನಿನ್ನ ಬಳೆ, ಕನ್ನಡಕ, ಚೀಲದಲ್ಲಿದ್ದ ಕೆಂಪು ಪೆನ್ನು, ಕಡೆಗೆ ನಿನ್ನನ್ನೂ ನನ್ನ ಕೈಗೆ ಒಪ್ಪಿಸಿದರು. ಅದು ಹಕ್ಕು ಎಂದು ಕೂಡ ನನಗೆ ಹೊಳೆಯಲಿಲ್ಲ. ಕೈ ಎತ್ತಿದರೂ ಯಾರೂ ನೋಡದಿದ್ದರೆ ಹೇಗಿರುತ್ತಿತ್ತು?

ದೀಪಾವಳಿ ಕಳೆದ ಮೇಲೆ ಡಾಕ್ಟರು ಹಾಕಿದ ಸ್ಕ್ರೂ ಸರಿದಿದೆ, ಕೀಲು ಬದಲಿಸಲೇಬೇಕು ಅಂದರು. ಶೇವಂತಾ ನಮ್ಮ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ ಹೇಳಿದಳು, "ಅಣ್ಣಾರ, ಈ ಸಲ ಆ ಬಾಗಲದ ಒಳಗ ನಾ ಇರಬೇಕು." ಮೂವತ್ತೊಂದು ವರ್ಷ ಕೇಳದ್ದನ್ನು ನಾನು ಆಗ ಕೇಳಿದೆ, ತಡವರಿಸುತ್ತ, "ಹಂಗಾದ್ರ ನಿಮ್ಮಿಬ್ಬರದೂ..." ಅವಳು ಒಂದು ಕಾಯಿ ಸುಲಿದು ಮುಗಿಸಿದಳು. "ನಿಮಗೂ ನೀಲಕ್ಕಗೂ ಏನಿತ್ರಿ? ಅದ ನಮಗೈತಿ." ಇಷ್ಟು ಸರಳ ಇತ್ತೇ? ನೀನು ಮೊದಲ ದಿನವೇ ಓದಿದ್ದನ್ನು ನಾನು ಈಗ ಅಕ್ಷರ ಕೂಡಿಸಿ ಓದಿದೆ.

ಮಹಾಂತೇಶ ನಗರದಿಂದ ನಮ್ಮ ಸುಮಾ ಬಂದಾಗ ಮಗಳ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವಳಿಗೆ ಮೊದಲೇ ಗೊತ್ತಿತ್ತಂತೆ! ನೀನು ಅವಳಿಗೆ ಹೇಳಿದ್ದೆಯೇ? ಇಂಥ ಜೋಡಿಗಳಿಗೆ ಮದುವೆಯ ಹಕ್ಕು ಕೊಡುವುದು ನಮ್ಮ ಕೈಯಲ್ಲಿಲ್ಲ, ಅದು ಸಂಸತ್ತಿನ ಕೆಲಸ ಎಂದು ದೆಹಲಿಯ ದೊಡ್ಡ ಕೋರ್ಟು ಹೇಳಿತಂತೆ. ಸರ್ಕಾರ ಸಮಿತಿ ಮಾಡುತ್ತೇನೆ ಅಂದಿತಂತೆ. ಅದಾದ ಮೇಲೆ, ರೇಷನ್ ಕಾರ್ಡಿನ ಮಟ್ಟಿಗೆ ಇಂಥವರನ್ನು ಒಂದೇ ಮನೆಯವರೆಂದು ಹಿಡಿಯಬೇಕು ಎಂದು ರಾಜ್ಯಗಳಿಗೆ ಸೂಚನೆ ಬಂದಿದೆಯಂತೆ. "ಮದುವಿ ಸಿಕ್ಕಿಲ್ಲಪ್ಪಾ, ಕಾರ್ಡರ ಸಿಗಬೇಕು," ಅಂದಳು ಸುಮಾ. ಇಬ್ಬರ ಹೆಸರೂ ಇರುವ ಒಂದು ಸರ್ಕಾರಿ ಕಾಗದ. ಕೌಂಟರಿನಲ್ಲಿ ತೋರಿಸಲು ಅಷ್ಟಾದರೂ ಬೇಡವೇ?

ಕಾರ್ಡಿಗಾಗಿ ಮಂದಾ, ಶೇವಂತಾ, ನಾನು ಮೂವರೂ ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಬರೆಯುವುದಿಲ್ಲ, ನಾಳೆಯೂ ಅಲ್ಲಿಗೆ ಹೋಗಬೇಕು. ಮಂದಾ ಗಾಲಿಕುರ್ಚಿಯಲ್ಲಿ. ವಿಳಾಸದ ಪುರಾವೆಗೆ ಆಸ್ಪತ್ರೆಯ ಕಾಗದ ಲಗತ್ತಿಸಿದ್ದೆ, ನನ್ನ ಬುದ್ಧಿ ನೋಡು. ಗುಮಾಸ್ತ ಅದನ್ನೇ ಹಿಡಿದ.

"ಗಂಡ ಅದಾರಲ್ರಿ ಇಲ್ಲೆ! ಅಜ್ಜಾರ, ನಿಮ್ಮ ಕಾರ್ಡಿಗೆ ಸೇರಿಸೂಣ್ರಿ, ಇವತ್ತ ಆಗ್ತೈತಿ."

"ನಾ ಗಂಡ ಅಲ್ಲಪಾ."

"ಹಂಗಾದ್ರ ಸೋಡಚೀಟಿ ತರ್ರಿ ಕೋರ್ಟಿನಿಂದ."

"ಕಟಿಗೊಂಡಿದ್ರ ತಾನ ಬಿಡೂದು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಂದಾ ಕುರ್ಚಿಯಿಂದಲೇ ಕೈಮುಗಿದು ತನ್ನ ಮರಾಠಿಯಲ್ಲಿ, "ಅಹೋ ಭಾವೋಜಿ, ಘಟಸ್ಫೋಟ ದ್ಯಾ ಹೋ ಮಲಾ!" ಎಂದು ನನ್ನಿಂದ ವಿಚ್ಛೇದನ ಬೇಡಿದಳು. ಶೇವಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ನೀಲಾ, ಒಳಗೆ ಚುಚ್ಚಿತು. ಒಬ್ಬ ಹುಡುಗಿಯ ಒಂದು ಬೆರಳು ನನ್ನನ್ನು ಅರೆಗಳಿಗೆಯಲ್ಲಿ ಗಂಡನನ್ನಾಗಿ ಮಾಡಿತು. ಮೂವತ್ತೊಂದು ವರ್ಷ ಶೇವಂತಾಳನ್ನು ಏನೂ ಮಾಡಲಿಲ್ಲ.

ಗುಮಾಸ್ತ ಕೆಟ್ಟವನಲ್ಲ. ದನಿ ತಗ್ಗಿಸಿ ದಾರಿ ತೋರಿಸಿದ, "ಅಕ್ಕಾರ, ತಂಗಿ ಅಂತ ಬರೀರಿ, ಮುಗೀತು. ಯಾರು ನೋಡ್ತಾರ?" ಜನಗಣತಿಯಲ್ಲಿ ನಾನು ಬರೆಸಿದ್ದೂ ಅದೇ ಸುಳ್ಳು. ಶೇವಂತಾ ಹೇಳಿದಳು, "ಊರವ್ರು ತಂಗಿ ಅಂದ್ರು, ನಾ ಸುಮ್ಮನಿದ್ದೆ. ನನ್ನ ಕೈಲೆ ನಾನ ಹೆಂಗ ಬರೀಲೋ ತಮ್ಮಾ? ಈಕಿ ನನ್ನ ತಂಗಿ ಅಲ್ಲ." ಒಳಗಿನ ಸಾಹೇಬರು, ಅಂಥ ಸೂಚನೆ ನಮಗೆ ಬಂದೇ ಇಲ್ಲ ಅಂದರು. ಹಾಗಾದರೆ ಆಗುವುದಿಲ್ಲ ಅಂತ ಬರೆದು ಕೊಡಿ ಅಂದೆ. ಊಟಕ್ಕೆ ಎದ್ದು ಹೋದರು.

ನಾನು ನಿನಗೆ ಬರೆದ ಮೊದಲ ಪತ್ರ ನೆನಪಿದೆಯಲ್ಲ? ನಿಶ್ಚಯವಾದ ಹೊಸತರಲ್ಲಿ, ಶಿವಬಸವ ನಗರದ ನಿಮ್ಮ ಮನೆಗೆ. ಬಿ.ಎ.ದಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದವನು ಕೊನೆಗೆ, ನಿನ್ನ ನಿಷ್ಠಾವಂತ ಎಂದುಕೊಂಡು, ಯುವರ್ಸ್ ಫೇತ್‌ಫುಲ್ಲಿ ಎಂದು ಸಹಿ ಹಾಕಿದ್ದೆ. ನೀನು ಕೆಂಪು ಪೆನ್ನಿನಿಂದ ತಿದ್ದಿ ವಾಪಸು ಕಳಿಸಿದೆ: ಗುರುತಿಲ್ಲದ ಸಾಹೇಬರಿಗೆ ಫೇತ್‌ಫುಲ್ಲಿ, ಗುರುತಿನವರಿಗೆ ಸಿನ್ಸಿಯರ್ಲಿ. ಈಗ ಸಾಹೇಬರಿಗೆ ಬರೆಯಲು ಕೂತೆ. ಐ ಬೆಗ್ ಟು ಸ್ಟೇಟ್ ದ್ಯಾಟ್ ಐ ಯಾಮ್ ನಾಟ್ ದಿ ಹಸ್ಬೆಂಡ್... ಅಲ್ಲಿಗೆ ಬಂದು ಪೆನ್ನು ನಿಂತಿತು. ಇನ್ನೊಮ್ಮೆ ಓದಿದರೆ ನಾನು ಯಾರ ಗಂಡನೂ ಅಲ್ಲ ಎಂದು ಬರೆದ ಹಾಗಿತ್ತು. ಹರಿದು ಹಾಕಿದೆ. ಕನ್ನಡದಲ್ಲೇ ಬರೆದೆ, ಮಾಹಿತಿ ಹಕ್ಕಿನ ಅರ್ಜಿ, ಎರಡೇ ಸಾಲು. ಆ ಸೂಚನೆ ಈ ಕಚೇರಿಗೆ ಬಂದ ದಿನ ಯಾವುದು? ಈಗ ಅದು ಯಾರ ಮೇಜಿನ ಮೇಲಿದೆ?

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಎಂಬುದು ಕಾನೂನು. ಇಪ್ಪತ್ತೊಂಬತ್ತನೇ ದಿನ ಬಂತು. ಸೂಚನೆ ಎಂದೋ ಬಂದಿತ್ತು! 'ಇತರೆ' ಎಂಬ ಫೈಲಿನಲ್ಲಿ ಸೇರಿಸಿ ಕಟ್ಟಿಟ್ಟಿದ್ದರು. ಆ ಉತ್ತರವನ್ನು ಸಾಹೇಬರ ಮುಂದೆ ಇಟ್ಟು, ಈಗಲಾದರೂ ಆಗುವುದಿಲ್ಲ ಅಂತ ಬರೆದು ಸಹಿ ಮಾಡಿ ಅಂದೆ. ಸಾಹೇಬರು ಪೆನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಬಾಯಿಂದ ಇಲ್ಲ ಅನ್ನುವುದು ಎಷ್ಟು ಸುಲಭ, ಅದರ ಕೆಳಗೆ ಹೆಸರು ಬರೆಯುವುದು ಎಷ್ಟು ಕಷ್ಟ! ಕಾರ್ಡು ಆಯಿತು. ಇಬ್ಬರ ಹೆಸರೂ ಒಂದೇ ಕಾರ್ಡಿನಲ್ಲಿ. ಸಂಬಂಧ ಎಂಬಲ್ಲಿ ಕಂಪ್ಯೂಟರು ಕೊಟ್ಟ ಪದಗಳಲ್ಲಿ ಸರಿಯಾದದ್ದು ಇರಲಿಲ್ಲ. 'ಇತರೆ' ಎಂದು ಹಾಕಿದರು. ನನಗೆ ಸಿಟ್ಟು ಬಂತು. ಶೇವಂತಾ ಕಾರ್ಡನ್ನು ಸೆರಗಿನಲ್ಲಿ ಒರೆಸಿ, "ಇರ್ಲಿ ಬಿಡ್ರಿ ಅಣ್ಣಾರ. ಸುಳ್ಳಂತೂ ಅಲ್ಲಲ್ಲ," ಅಂದಳು. ಅವಳು ಬಿಟ್ಟಾಳು, ನಾನು ಬಿಡುವುದಿಲ್ಲ. ಆ ಪಟ್ಟಿಗೆ ಸರಿಯಾದ ಪದ ಯಾವಾಗ ಸೇರಿಸುತ್ತೀರಿ, ಆ ಸಮಿತಿ ಇಲ್ಲಿಯವರೆಗೆ ಏನೇನು ಮಾಡಿದೆ ಎಂದು ಕೇಳಿ ಮುಂದಿನ ಅರ್ಜಿ ಬರೆದಿಟ್ಟಿದ್ದೇನೆ.

ನಿನ್ನೆ ಇದೇ ಕೌಂಟರು, ಬೇರೆ ಹುಡುಗಿ. "ಇಲ್ಲೆ ಗಂಡ ಅಂತ ಐತಲ್ರಿ?" ಶೇವಂತಾ ಕಾರ್ಡನ್ನು ಮುಂದಕ್ಕೆ ಸರಿಸಿದಳು. ಹುಡುಗಿ ನೋಡಿದಳು. "ಒಂದ ಕಾರ್ಡಿನಾಗ ಅದೀರಿ. ಸಾಕ್ರಿ, ಸಹಿ ಮಾಡ್ರಿ." ಒಂದು ಗುಂಡಿ ಒತ್ತಿ ನನಗೆ ಸೋಡಚೀಟಿ ಕೊಟ್ಟಳು. ಶೇವಂತಾ ಪೆನ್ನು ಕೇಳಿದಾಗ ಜೇಬಿನಲ್ಲಿದ್ದ ನಿನ್ನ ಕೆಂಪು ಪೆನ್ನು ಕೊಟ್ಟೆ. "ಕೆಂಪು ನಡ್ಯೂದಿಲ್ರಿ," ಅಂದಳು ಹುಡುಗಿ, "ನೀಲಿ ಬೇಕು." ನನಗೂ ಆ ಹೊತ್ತಿಗೆ ನೀನೇ ಬೇಕಾಗಿತ್ತು, ನೀಲಾ. ನೆಕ್ಸ್ಟ್ ಆಫ್ ಕಿನ್ ಎಂಬಲ್ಲಿ ಶೇವಂತಾ ಹೊಲಿಗೆ ಹಾಕಿದ ಹಾಗೆ, ಒಂದೊಂದೇ ಅಕ್ಷರ, ತನ್ನ ಹೆಸರು ಬರೆದಳು. ಬಾಜೂ ಮನೆಯವರು ಎಲ್ಲಿ ಸಹಿ ಮಾಡಬೇಕವ್ವಾ ಎಂದು ಕೇಳಿದೆ. ಅಂಥ ಕಾಲಮ್ಮೇ ಇಲ್ಲವಂತೆ.

ಈಗ ಬೆಳಗಿನ ಹತ್ತು ಗಂಟೆ. ಡಾಕ್ಟರು ಒಳಗೆ ಕರೆದು ಮಾತಾಡುತ್ತಿದ್ದಾರೆ. ಒಳಗೆ ಶೇವಂತಾ, ಹೊರಗೆ ನಾನು. ಈ ಬಾಗಿಲು ಎಷ್ಟು ದಪ್ಪ ಇದ್ದರೂ ಈಗ ಚಿಂತೆಯಿಲ್ಲ.

ಮಂದಾ ನಡೆದುಕೊಂಡು ಮನೆಗೆ ಬಂದ ದಿನ ಎರಡು ಮಣೆ ಹಾಕುತ್ತೇನೆ. ನಿನ್ನ ಟ್ರಂಕಿನಲ್ಲಿ ಹೊಸ ಖಣಗಳಿವೆ, ಎರಡು ತೆಗೆದಿಟ್ಟಿದ್ದೇನೆ. ಉಡಿ ತುಂಬುವುದು ಮುತ್ತೈದೆಯರ ಕೆಲಸ, ಹೆಂಡತಿ ಸತ್ತ ಮುದುಕ ತುಂಬುತ್ತಾನೆಯೇ ಎಂದು ಓಣಿ ನಕ್ಕರೆ ನಗಲಿ. ಅಕ್ಕಿ ಐದು ಹಿಡಿಯೇ ಹಾಕುತ್ತಿದ್ದೆ ಅಲ್ಲವೇ ನೀನು? ಐದೇ ಹಾಕುತ್ತೇನೆ. ತಪ್ಪಾಗಿದ್ದರೆ ಕೆಂಪು ಪೆನ್ನಿನಿಂದ ತಿದ್ದು.

ಆದರೆ ಕೆಳಗಿನ ಸಹಿಯನ್ನು ಮಾತ್ರ ಈ ಸಲ ತಿದ್ದಬೇಡ. ನಿನ್ನೆಯಿಂದ ಕಾಗದದ ಮೇಲೂ ನಾನು ಮತ್ತೆ ನಿನ್ನೊಬ್ಬಳ ಗಂಡ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಯುವರ್ಸ್ ಫೇತ್‌ಫುಲ್ಲಿ,
ಬಸವರಾಜ