ಸಾಂಬಾರಿನ ಇಂಗು, ಶೀನಣ್ಣನ ರಕ್ತ

ಪ್ರೀತಿಯ ಅಪ್ಪ,

ಕೂತು ಬರೆಯೋಣವೆಂದರೆ ಆಗುತ್ತಿಲ್ಲ. ಎರಡು ಸಾಲು ಬರೆದು ಎದ್ದು ಹೋಗುತ್ತೇನೆ, ಅಡುಗೆಮನೆಯಲ್ಲಿ ಶೀನಣ್ಣನ ಮುಖ ನೋಡಿ ಬರುತ್ತೇನೆ. ಗುರುವಾರ ಕೀಲ್ಪಾಕಿನ ಆಸ್ಪತ್ರೆಯಿಂದ ಬಂದವನು ಮಾತು ಬಿಟ್ಟಿದ್ದ. ಇವತ್ತು ಬಾಯಿಬಿಟ್ಟ. ಅದನ್ನು ನಿಮಗೆ ಹೇಳದೆ ಇರಲಾರೆ.

ಕೊರೊನಾ ಬಂದ ಆ ವರ್ಷ ನಮ್ಮ ಅಂಬತ್ತೂರು ಹೋಟೆಲಿನಲ್ಲಿ ಲಸಿಕೆಗೂ ಸರದಿ ಹಾಕಿದಿರಿ. "ಎಲ್ರಿಗೂ ಒಟ್ಟಿಗೆ ಜ್ವರ ಬಂದ್ರೆ ಒಲೆ ಹಚ್ಚೋದ್ಯಾರು? ಶೀನ, ಅಡುಗೆ ನಿಂದು, ನೀನು ಮೊದ್ಲು ಹೋಗು." ಅವನ ಎರಡೂ ಸೂಜಿ ಮುಗಿದವು. ನಿಮ್ಮ ಸರದಿ ಕೊನೆಗೆ. ಊಟಕ್ಕೂ ನೀವು ಹಾಗೆಯೇ, ಎಲ್ಲರ ಎಲೆ ಎದ್ದ ಮೇಲೆ... ನಾನಾದರೂ ಗದರಿಸಿ ಕರೆದೊಯ್ಯಬಾರದಿತ್ತೇ?

ನಿಮ್ಮ ಸರದಿ ಬರುವ ಮೊದಲೇ ಒಂದು ಬೆಳಗ್ಗೆ, ಎಂದಿನಂತೆ ಮೊದಲ ಸೌಟಿನ ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೋಡಿದಿರಿ. "ಇಂಗು ಎಲ್ಲಿ ಹೋಯ್ತು? ಯಾವಾಗಿಂದ ಶುರು ಈ ಕಳ್ಳತನ?" ಎಂದು ಎಲ್ಲರ ಮುಂದೆ ಶೀನಣ್ಣನ ಮೇಲೆ ರೇಗಿದಿರಿ. ಅವನು ಮತ್ತೆ ಹಾಕಿದ, ನೀವು ಮತ್ತೆ ಬೈದಿರಿ. ಕೆಟ್ಟದ್ದು ನಿಮ್ಮ ಮೂಗು ಎಂದು ಯಾರಿಗೂ ಹೊಳೆಯಲಿಲ್ಲ. ಸಂಜೆಗೆ ನಿಮಗೆ ಜ್ವರ, ಮೂರನೇ ದಿನಕ್ಕೆ ಅವನಿಗೆ. ಅವನು ವಾರದಲ್ಲಿ ಎದ್ದ. ನೀವು ಏಳಲಿಲ್ಲ. ಅಂದಿನಿಂದ ಅವನು ಸಾಂಬಾರು ಬಾಯಿಗಿಟ್ಟಿಲ್ಲ. ರುಚಿ ನೋಡುವುದು ನಾನು.

ಲಸಿಕೆ ಹಾಕಿಸಿಕೊಂಡ ಮೇಲೂ ಸೋಂಕು ಬಂದವರ ರಕ್ತ ಪರೀಕ್ಷೆಗೆ ಬೇಕೆಂದು ಆಸ್ಪತ್ರೆಯವರು ಕೇಳಿದ್ದಕ್ಕೆ ಗುರುವಾರ ನಾನೇ ಅವನನ್ನು ಎಳೆದುಕೊಂಡು ಹೋದೆ. ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದರು: ಲಸಿಕೆ ಅವನ ಮೈಗೆ ವೈರಸ್ಸಿನ ಗುರುತು ಮೊದಲೇ ಹೇಳಿಕೊಟ್ಟಿತ್ತು, ಹಾಗಾಗಿ ಕಾಯಿಲೆ ಜೋರಾಗಲಿಲ್ಲ. ಆಮೇಲೆ ವೈರಸ್ಸೇ ಬಂದಾಗ ಮೈ ಅದನ್ನು ಇನ್ನೂ ಚೆನ್ನಾಗಿ ಕಲಿತುಕೊಂಡಿತು. ಹಾಗೆಂದು ಯಾರೂ ಜ್ವರ ಹುಡುಕಿಕೊಂಡು ಹೋಗಬಾರದು, ಕಲಿತದ್ದೂ ನಿಧಾನಕ್ಕೆ ಮಾಸುತ್ತದೆ.

"ಹಂಗಾರೆ ಧನಿಗಳ್ನ ಕೊಂದದ್ದೇ ನಂಗೆ ಬಲ ಕೊಟ್ಟದ್ದಾ?" ಎಂದು ಶೀನಣ್ಣ ಅಲ್ಲೇ ನನ್ನನ್ನು ಕೇಳಿದ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹೊಟ್ಟೆ ಉರಿಯಿತು. ನಿಮ್ಮ ಸರದಿ ಮೊದಲಿದ್ದರೆ...

ಇವತ್ತು ನನಗೆ ಶೀತ, ಮೂಗು ಕಟ್ಟಿದೆ. "ಶೀನಣ್ಣ, ನೀನೇ ನೋಡು" ಎಂದು ಸೌಟು ಚಾಚಿದೆ. ಅವನು ಕೈ ಹಿಂದೆ ಎಳೆದುಕೊಂಡ. "ಧನಿಗಳು ನನ್ನ ಕಳ್ಳ ಅಂದ್ಕಂಡೇ ಹೋದ್ರು."

ಇಷ್ಟು ವರ್ಷ ಅವನು ಹೊತ್ತದ್ದು ಇದನ್ನು! ಅವತ್ತು ಅದೇ ಮೊದಲ ಸೌಟಿನಿಂದ ನಾನೂ ಇಡ್ಲಿಗೆ ಹಾಕಿಸಿಕೊಂಡಿದ್ದೆ. ನೀವು ಬೈಯುವಾಗ ಎದುರು ಮಾತಾಡಲು ಹೆದರಿ ಸುಮ್ಮನಿದ್ದೆ. ಅದನ್ನು ಅವನಿಗೆ ಹೇಳಿದೆ. ಅಪ್ಪನಿಗೂ ಹೇಳುತ್ತೇನೆ ಎಂದೆ. ಆಗ ಅವನು ಸೌಟಿಗೆ ಅಂಗೈ ಒಡ್ಡಿದ.

ಅವತ್ತು ಇಂಗು ಸರಿಯಾಗಿತ್ತು, ಅಪ್ಪ. ಆಗಲೇ ಹೇಳಬೇಕಿತ್ತು.