ಒಂಬತ್ತು ದಿನದ ಇಟ್ಟಿಗೆ

ಅಪ್ಪಯ್ಯನವರ ಪಾದಕ್ಕೆ ನೀಲಾಂಬಿಕೆಯ ಶರಣು.

ನೀವು ಲಿಂಗೈಕ್ಯರಾಗಿ ಆರು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇಟ್ಟಿಗೆ ಕೊಯ್ದು ಬದುಕಿದ ನಿಮಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ?

ಮಗಳು ಮಾನಸಾಳ ಬಾಣಂತನಕ್ಕೆಂದು ಹಿತ್ತಲಲ್ಲಿ ಮಣ್ಣಿನ ಇಟ್ಟಿಗೆಯ ಕೋಣೆ ಕಟ್ಟಿಸಿದೆ. "ಇಪ್ಪತ್ತೊಂದು ದಿನ ಬಿಸ್ಲು ತಿನ್ನದ ಇಟ್ಗೇನ ಗ್ವಾಡೆಗೆ ಇಕ್ಬ್ಯಾಡ ಮಗಾ" ಎನ್ನುತ್ತಿದ್ದಿರಿ. ಆದರೆ ಆಷಾಢ ಹುಟ್ಟುವ ಮೊದಲೇ ಹಾಲುಕ್ಕಿಸಬೇಕಿತ್ತು. ಒಂಬತ್ತೇ ದಿನ ಒಣಗಿದ್ದನ್ನು ಇಪ್ಪತ್ತೊಂದು ದಿನದ್ದೆಂದು ಗಾರೆ ಕೆಲಸದ ಸಣ್ಣೇಗೌಡನಿಗೆ ಸುಳ್ಳು ಹೇಳಿದೆ. ಉಳಿದದ್ದು ಶಿವ ನೋಡಿಕೊಳ್ಳುತ್ತಾನೆ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಮಾನಸಾ ಮಗುವಿಗೆ ನೀರು ಹಾಕಿಸಲು ಬಚ್ಚಲಿಗೆ ಹೋಗಿದ್ದಳು. ಆಗ ಕೋಣೆಯ ಗೋಡೆ ಉಬ್ಬಿ, ಮಣ್ಣು ಉದುರತೊಡಗಿತು. ಕರೆದ ಕೂಡಲೇ ಸಣ್ಣೇಗೌಡ ಓಡಿಬಂದು, ಆಸರೆಗೆ ಮರ ಕೊಡಲು ಒಳಗೆ ಹೋದ.

"ಇಟ್ಗೆ ಚೆಂದಾಗಿ ಒಣಗಿದ್ವಲ್ಲವ್ವಾ? ಅಂಗಾರೆ ಭಯ ಇಲ್ಲ ಬುಡಿ" ಎಂದು ನಗುತ್ತಾ ಗೋಡೆಗೆ ಬೆನ್ನು ಕೊಟ್ಟು ನಿಂತ.

ಅವನ ತಲೆಯ ಮೇಲೆ ಮಣ್ಣು ಸುರಿದ ಮೇಲಷ್ಟೇ ಕಿರುಚಿದೆ, ಅಪ್ಪಯ್ಯ: "ಒಂಬತ್ತೇ ದಿನ ಕಣಪ್ಪಾ! ಈಚೆಗ್ ಬಂದ್ಬುಡು!"

ಅವನು ಹೊಸ್ತಿಲು ದಾಟಿದ್ದಷ್ಟೇ, ಗೋಡೆ ಒಳಕ್ಕೆ ಕುಸಿಯಿತು.

"ನನ್ಗೂ ಮಕ್ಕಳವೆ ಕಣವ್ವಾ" ಎಂದ. ಗಾರೆ ಮೆತ್ತುವ ತನ್ನ ಕರಣೆಯನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಮಾನಸಾ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತೊಟ್ಟಿಲು ಆ ಗೋಡೆಯ ಪಕ್ಕದಲ್ಲೇ ಇತ್ತು. ಆಗಿನಿಂದ ನಾನು ಮಗುವಿಗೆ ಕೈ ಚಾಚಿದಾಗಲೆಲ್ಲ ಅವಳು, "ಬ್ಯಾಡ ಬುಡವ್ವಾ, ನಾನೇ ಎತ್ಕೋತೀನಿ" ಎನ್ನುತ್ತಾಳೆ.